ದೊಡ್ಡತ್ತೆಯ ಮೂರನೇ ಎಂಜಿನ್ನು: ಮೂವತ್ತೊಂಬತ್ತನೆಯ ದೂರು

ನಗರದ ಹೊರವಲಯದಲ್ಲಿರುವ ಮೀಸಲು ವಾಯುನೆಲೆಯ ಮುಖ್ಯಾಧಿಕಾರಿಗಳೂ, ವಾರದ ಉಳಿದ ಐದು ದಿನ ನಮ್ಮ ಬೀದಿಯ ದಂತವೈದ್ಯರೂ ಆಗಿರುವ ತಮ್ಮ ಸನ್ನಿಧಾನಕ್ಕೆ,

ಮಾನ್ಯರೇ,

ಮೊದಲು ತಮ್ಮ ಕುಶಲ, ಆಮೇಲೆ ತಮ್ಮ ನಾಲ್ಕು ವಿಮಾನಗಳ ಕುಶಲ, ಅದಾದ ಮೇಲೆ ಅವುಗಳ ಹದಿನಾರು ಎಂಜಿನ್ನುಗಳ ಕುಶಲವನ್ನು ಬಿಡಿಬಿಡಿಯಾಗಿ ವಿಚಾರಿಸಿ, ಹನ್ನೊಂದು ವರ್ಷಗಳಿಂದ ತಮ್ಮ ಕುರ್ಚಿಯಲ್ಲಿ ಮಲಗಿ ಬಾಯಿ ತೆರೆಯುತ್ತ ಬಂದಿರುವ ಪಿಯಾನೊ ಶ್ರುತಿಗಾರನಾದ ನಾನು ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ, ಈ ವಿಷಯವನ್ನು ತಮಗೆ ಮುಖಾಮುಖಿಯಾಗಿಯೇ ಹೇಳಬಹುದಿತ್ತು. ಆದರೆ ತಮ್ಮನ್ನು ಕಂಡಾಗಲೆಲ್ಲ ನನ್ನ ಬಾಯಿ ತೆರೆದೇ ಇರುತ್ತದೆ, ಅದರೊಳಗೆ ತಮ್ಮ ಎರಡು ಬೆರಳು, ಒಂದು ಪುಟ್ಟ ಕನ್ನಡಿ ಮತ್ತು ನೀರು ಹೀರುವ ಒಂದು ಕೊಳವೆ ಇರುತ್ತವೆ. ತಾವು ಅದೇ ಸಮಯ ನೋಡಿ ನನ್ನ ಅಭಿಪ್ರಾಯ ಕೇಳುತ್ತೀರಿ, ನಾನು "ಆ ಆ" ಎನ್ನುತ್ತೇನೆ, ತಾವು ಅದನ್ನು ಒಪ್ಪಿಗೆಯೆಂದು ತಿಳಿದು ಮುಂದುವರಿಯುತ್ತೀರಿ. ಬಾಯಿ ಬಹಿರಂಗವಾದಾಗ ಮಾತು ಅಂತರಂಗದಲ್ಲೇ ಉಳಿದುಬಿಡುವುದರಿಂದ, ಬೇರೆ ದಾರಿ ಕಾಣದೆ ಈ ಬಹಿರಂಗ ಪತ್ರ.

ತಮ್ಮ ನೆಲೆಯ ಬಗ್ಗೆ ಈ ನಗರಕ್ಕೆ ಇರುವ ಹೆಮ್ಮೆಯನ್ನು ಮೊದಲೇ ಹೇಳಿಬಿಡುತ್ತೇನೆ. ಸೋಮವಾರದಿಂದ ಶುಕ್ರವಾರದವರೆಗೆ ಅಲ್ಲಿರುವುದು ಇಬ್ಬರು ಕಾವಲುಗಾರರು, ಹುಲ್ಲು ಕತ್ತರಿಸುವ ಒಂದು ಯಂತ್ರ ಮತ್ತು ಓಡುದಾರಿಯನ್ನು ತಮ್ಮದೇ ಆಸ್ತಿಯೆಂದು ತಿಳಿದಿರುವ ಮೂರು ಗಿಡುಗಗಳು. ಶನಿವಾರ ಬೆಳಗಾದರೆ ನಗರದಲ್ಲಿ ಯಾರು ಯಾರು ಉಪಯೋಗಕ್ಕೆ ಬರುವವರೋ ಅವರೆಲ್ಲ ಸಮವಸ್ತ್ರ ತೊಟ್ಟು ಅಲ್ಲಿ ಸೇರುತ್ತಾರೆ. ಬ್ರೆಡ್ಡು ಸುಡುವವನು ದಾರಿ ತೋರಿಸುವ ಅಧಿಕಾರಿಯಾಗುತ್ತಾನೆ, ಗಣಿತದ ಮೇಷ್ಟ್ರು ಪೈಲಟ್ ಆಗುತ್ತಾರೆ, ಪ್ರವಾಹ ಬಂದರೆ, ಗುಡ್ಡ ಕುಸಿದರೆ, ಕಾಡಿಗೆ ಬೆಂಕಿ ಬಿದ್ದರೆ ಏನು ಮಾಡಬೇಕೆಂಬುದನ್ನು ಭಾನುವಾರ ಸಂಜೆಯವರೆಗೂ ನಮ್ಮ ತಲೆಯ ಮೇಲೆ ಅಭ್ಯಾಸ ಮಾಡುತ್ತಾರೆ. ಹೀಗೆ ನಮ್ಮನ್ನು ಕಾಪಾಡುವ ಜನ ನಮಗೆ ಬ್ರೆಡ್ಡು ಕೊಡುವ ಜನವೇ ಆದ್ದರಿಂದ, ವಾರಾಂತ್ಯದಲ್ಲಿ ನಾವು ಬಹಳ ಸುರಕ್ಷಿತವಾಗಿ ಹಸಿದಿರುತ್ತೇವೆ.

ತಮ್ಮ ನಾಲ್ಕು ಸಾಗಣೆ ವಿಮಾನಗಳಿಗೆ ತಾವು ಕೊಟ್ಟಿರುವುದು ಅಂಕಿಗಳನ್ನು. ನನ್ನ ಮನೆಯಾಕೆ ಅವಕ್ಕೆ ಹೆಸರು ಕೊಟ್ಟಿದ್ದಾಳೆ. ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡಿ, ಎಲ್ಲರಿಗಿಂತ ಕೊನೆಗೆ ಹೊರಡುವುದು ದೊಡ್ಡತ್ತೆ. ಭಾರ ಹೊತ್ತು ಏದುಸಿರು ಬಿಡುವುದು ಸೋದರಮಾವ. ಕಾರಣವಿಲ್ಲದೆ ಗುರ್ರೆನ್ನುವುದು ಷಡ್ಡಕ. ಹೊಸದಾಗಿ ಬಂದು ಮೆತ್ತಗಿದ್ದರೂ ಹಾದುಹೋದಾಗಲೆಲ್ಲ ಅಡುಗೆಮನೆಯಲ್ಲಿ ಒಂದು ಲೋಟ ಬೀಳಿಸುವುದು ಕಿರಿಸೊಸೆ. ಮನೆಯಾಕೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತ ಇವರಿಗೆಲ್ಲ ಕೈಬೀಸುತ್ತಾಳೆ. ನಾನು ದೂರು ಬರೆಯುತ್ತೇನೆ. ನಮ್ಮ ದಾಂಪತ್ಯದಲ್ಲಿ ಕೆಲಸ ಹೀಗೆ ಹಂಚಿಕೆಯಾಗಿದೆ.

ಮೂವತ್ತೇಳು ದೂರು ಬರೆದೆ, ನಿಜ. ಯಾಕೆ ಬರೆದೆನೆಂದು ತಮ್ಮ ಕಚೇರಿ ಒಮ್ಮೆಯೂ ಕೇಳಲಿಲ್ಲವಾದ್ದರಿಂದ ಈಗ ಹೇಳುತ್ತೇನೆ. ಪಿಯಾನೊದಲ್ಲಿ ಬೆರಳಿಂದ ಒತ್ತುವ ಮನೆಗಳಲ್ಲಿ ಬಹುಪಾಲಿಗೆ ಒಳಗೆ ಮೂರು ಮೂರು ತಂತಿಗಳಿರುತ್ತವೆ. ಅವು ಒಂದಕ್ಕೊಂದು ಕೂದಲೆಳೆಯಷ್ಟು ಬೇರೆಯಾಗಿದ್ದರೂ ಸ್ವರದಲ್ಲಿ ಒಂದು ಅಲೆ ಏಳುತ್ತದೆ, ವೋಂ ವೋಂ ಎಂದು. ಆ ಅಲೆ ಅಡಗುವವರೆಗೆ ಕೀಲಿ ತಿರುಗಿಸುತ್ತ, ಉಸಿರು ಹಿಡಿದು ಕೇಳುತ್ತಿರುವುದೇ ನನ್ನ ಕಸುಬು. ಜನ ಮನೆಯಲ್ಲಿರುವುದು ಶನಿವಾರ, ನನ್ನನ್ನು ಕರೆಸುವುದೂ ಶನಿವಾರ, ಅಲೆ ಇನ್ನೇನು ಅಡಗಬೇಕು ಅನ್ನುವಾಗ ಸರಿಯಾಗಿ ಮೇಲೆ ಬರುವವಳು ದೊಡ್ಡತ್ತೆ. ಹೋದ ವರ್ಷ ಸಂಗೀತ ಶಾಲೆಯ ಪರೀಕ್ಷೆಯ ಮುನ್ನಾದಿನ ತಾವು ಆರು ಗಂಟೆ ಕಾಲ ಎಡೆಬಿಡದೆ ಹಾರಾಟ ನಡೆಸಿದ ಕೃಪೆಯಿಂದ ನಾನು ಇಡೀ ಪಿಯಾನೊವನ್ನು ನನಗೇ ತಿಳಿಯದಂತೆ ದೊಡ್ಡತ್ತೆಯ ಶ್ರುತಿಗೆ ಕೂರಿಸಿಬಿಟ್ಟೆ. ಮರುದಿನ ಹಾಡಿದ ಹನ್ನೆರಡು ಮಕ್ಕಳ ಕಂಠವೂ ಪಾತಾಳಕ್ಕೆ ಇಳಿಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಈ ಊರಿನಲ್ಲಿ ನೆಗಡಿಯ ಹಾವಳಿ ಹೆಚ್ಚು ಎಂದು ವರದಿ ಬರೆದು ಹೋದರು.

ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ವಾರದ ದಿನಗಳಲ್ಲಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ವಾರಾಂತ್ಯದಲ್ಲಿ ದೊಡ್ಡತ್ತೆಯ ಹೊಟ್ಟೆಯೊಳಗೆ ಹಾರುವ ಮೆಕ್ಯಾನಿಕ್ ಆಗಿರುವ ಹೆಣ್ಣುಮಗಳು ನನ್ನ ಮಗಳೆಂಬುದು ತಮಗೆ ಗೊತ್ತೇ ಇದೆ. ಅವಳಿಗೆ ಒಂಬತ್ತು ವರ್ಷ ಪಿಯಾನೊ ಹೇಳಿಕೊಟ್ಟೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವಳು ಒಂದು ಮಧ್ಯಾಹ್ನ ಪಿಯಾನೊವನ್ನು ಪೂರ್ತಿ ಬಿಚ್ಚಿ, ಒರೆಸಿ, ಒಂದು ತಿರುಪೂ ಮಿಗದಂತೆ ಮತ್ತೆ ಜೋಡಿಸಿ, "ಅಪ್ಪಾ, ನಂಗೆ ಇಷ್ಟ ಇದ್ದಿದ್ದು ಇದು, ನುಡಿಸೋದಲ್ಲ" ಅಂದು ಎದ್ದು ಹೋದಳು. ಅಲ್ಲಿಂದೀಚೆಗೆ ನಾವಿಬ್ಬರೂ ಊಟ, ಹವೆ ಮತ್ತು ಅವಳ ತಾಯಿಯ ಮೊಣಕಾಲು ಇವುಗಳ ಬಗ್ಗೆ ಮಾತ್ರ ಮಾತಾಡುತ್ತಿದ್ದೆವು. ಆ ಮೂವತ್ತೇಳರಲ್ಲಿ ಇಪ್ಪತ್ತಾದರೂ ವಿಮಾನದ ಮೇಲೆ ಬರೆದ ದೂರುಗಳಲ್ಲ, ಮಗಳ ಮೇಲೆ ಬರೆದವು ಎಂದು ನನ್ನ ಮನೆಯಾಕೆ ಹೇಳುತ್ತಾಳೆ. ಆಕೆಯ ಮಾತನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಶ್ರುತಿಗಾರನಿಗೂ ಜಾಣಕಿವುಡು ಬರುತ್ತದೆ.

ಈಗ ಆ ಗುರುವಾರದ ವಿಷಯಕ್ಕೆ ಬರುತ್ತೇನೆ.

ಬೆಳಗ್ಗೆ ಹತ್ತೂವರೆಗೆ ನಾನು ತಮ್ಮ ಕುರ್ಚಿಯಲ್ಲಿದ್ದೆ. ಬಲಗಡೆಯ ದವಡೆಹಲ್ಲನ್ನು ತಾವು ಅರ್ಧ ಕೊರೆದಿದ್ದಿರಿ, ಆನೆಗೆ ಸಾಲುವಷ್ಟು ಮರಗಟ್ಟಿಸುವ ಮದ್ದು ಚುಚ್ಚಿದ್ದಿರಿ, ಕೆನ್ನೆಯೊಳಗೆ ಎರಡು ಹತ್ತಿಯ ಉಂಡೆ ತುರುಕಿದ್ದಿರಿ. ತಮ್ಮ ಫೋನು ಹೊಡೆದುಕೊಂಡಿತು. ತಾವು ಕೇಳಿಸಿಕೊಂಡು, ಮುಖದ ಬಣ್ಣ ಬದಲಾಯಿಸಿ, "ನದಿ ಮೇಲ್ಗಡೆ ಒಡ್ಡು ಒಡೆದಿದೆಯಂತೆ. ಬಾಯಿ ಮುಚ್ಚಬೇಡಿ, ಈಗ್ ಬಂದೆ" ಎಂದು ಹೇಳಿ ಬಿಳಿ ಕೋಟಿನಲ್ಲೇ ಹೊರಟುಹೋದಿರಿ. ತಮ್ಮ ಆಜ್ಞೆಯನ್ನು ನಾನು ನಲವತ್ತು ನಿಮಿಷ ಪಾಲಿಸಿದೆ. ಆಮೇಲೆ ತಮ್ಮ ಸಹಾಯಕಿ ಬಂದು, "ಅವರು ವಿಮಾನ ಹೊರಡಿಸ್ತಿದಾರೆ ಸರ್, ನೀವು ಮನೆಗೆ ಹೋಗಿ" ಅಂದಳು.

ಬೀದಿಗೆ ಬಂದರೆ ಊರಿಗೆ ಊರೇ ಅರ್ಧಕ್ಕೆ ನಿಂತಿತ್ತು. ಬ್ರೆಡ್ಡಿನ ಅಂಗಡಿಯ ಒಲೆಯಿಂದ ಹೊಗೆ ಬರುತ್ತಿತ್ತು, ದಾರಿಹೋಕರು ಒಳಗೆ ನುಗ್ಗಿ ಬ್ರೆಡ್ಡನ್ನು ಹೊರಗೆಳೆಯುತ್ತಿದ್ದರು. ಶಾಲೆಯ ಕಪ್ಪು ಹಲಗೆಯ ಮೇಲೆ ಒಂದು ಸಮೀಕರಣ ಉತ್ತರವಿಲ್ಲದೆ ನಿಂತು, ಮಕ್ಕಳು ಕುಣಿಯುತ್ತಿದ್ದರು. ಚೌಕದಲ್ಲಿ ಏಳನೆಯ ನಂಬರಿನ ಬಸ್ಸು ಪ್ರಯಾಣಿಕರ ಸಮೇತ ನಿಂತಿತ್ತು, ಚಾಲಕ ಕೀಲಿಯನ್ನು ಮುಂದಿನ ಸೀಟಿನ ಅಜ್ಜಿಯ ಕೈಗಿತ್ತು ನೆಲೆಗೆ ಓಡಿದ್ದ. ಮಾನ್ಯರೇ, ಒಂದು ನಗರದ ಸೊಂಟವನ್ನು ಇಪ್ಪತ್ತೇ ನಿಮಿಷದಲ್ಲಿ ಮುರಿಯಲು ಶತ್ರುಗಳಿಗೂ ಆಗುವುದಿಲ್ಲ. ಆ ದಕ್ಷತೆಗೆ ನನ್ನ ನಮಸ್ಕಾರ.

ಮಧ್ಯಾಹ್ನ ಒಂದು ಗಂಟೆಗೆ ನಾನು ಮಹಡಿಯ ಮೇಲಿದ್ದೆ. ಮೊದಲ ಸುತ್ತು ಮುಗಿಸಿ ದೊಡ್ಡತ್ತೆ ಇಳಿಯಲು ಬರುತ್ತಿದ್ದಳು. ಒಂಬತ್ತು ವರ್ಷಗಳಿಂದ, ಬೇಡವೆಂದರೂ, ಅವಳ ನಾಲ್ಕು ಎಂಜಿನ್ನುಗಳ ನಾಲ್ಕು ಸ್ವರಗಳು ನನಗೆ ಬಾಯಿಪಾಠ. ಅವತ್ತು ಮೂರನೆಯದರಲ್ಲಿ ಬೇರೇನೋ ಇತ್ತು. ಮೂಲ ಸ್ವರ ಸರಿಯಾಗಿಯೇ ಇತ್ತು, ಆದರೆ ಅದರ ಮೇಲೆ ಸಣ್ಣದಾದ ಒಂದು ಶಿಳ್ಳೆ, ಆ ಶಿಳ್ಳೆಯೊಳಗೆ ಒಂದು ನಡುಕ, ಪಂಖದ ಒಂದೊಂದು ಸುತ್ತಿಗೂ ಒಂದು ಸಲ, ಕುಂಟುವವನ ಹೆಜ್ಜೆಯ ಹಾಗೆ. ತಂತಿ ಕಡಿಯುವ ಮೊದಲು ಪಿಯಾನೊ ಹಾಗೆ ಕುಂಟುತ್ತದೆ. ಎರಡನೆಯ ಸುತ್ತಿಗೂ ಹೊರಡುವವಳು ಅವಳೇ, ಅವಳ ಹೊಟ್ಟೆಯಲ್ಲಿ ಹೋಗುವವಳು ನನ್ನ ಮಗಳು.

ಕೆಳಗಿಳಿದು ಮಗಳ ಫೋನಿಗೆ ಮಾಡಿದೆ, ಅದನ್ನು ಆರಿಸಿಟ್ಟಿದ್ದಳು. ನೆಲೆಗೆ ಮಾಡಿದೆ. "ಶಬ್ದದ ಬಗ್ಗೆ ದೂರಿದ್ದರೆ ಎರಡನ್ನು ಒತ್ತಿ" ಎಂದು ಯಂತ್ರ ಹೇಳಿತು. ಒತ್ತಿದೆ. ಯಾರೋ ಒಬ್ಬರು ಎತ್ತಿಕೊಂಡರು. ದೊಡ್ಡತ್ತೆಯ ಮೂರನೇ ಎಂಜಿನ್ನು ಸರಿಯಿಲ್ಲ, ಹಾರಿಸಬೇಡಿ ಎಂದು ನಾನು ಹೇಳಿದೆ. ತಮ್ಮ ಮದ್ದಿನ ಪ್ರಭಾವದಿಂದ ಅದು ಹೊರಬಂದದ್ದು ಹೀಗೆ: "ಹೊಡ್ಡಹ್ಹೆಹ ಊಹನೇ ಎಂಹಿನ್ನು ಹಹಿಯಿಲ್ಲ, ಹಾಹಿಹಬೇಹಿ!" ಆ ಕಡೆಯವರು ಬಹಳ ಕರುಣೆಯಿಂದ, "ನಿಮ್ಮ ಅತ್ತೆಗೆ ಹುಷಾರಿಲ್ವಾ ಸರ್? ಆಂಬುಲೆನ್ಸ್ ನಂಬರ್ ಕೊಡ್ಲಾ?" ಎಂದು ಕೇಳಿದರು. ಅವರ ಸೌಜನ್ಯವನ್ನು ದಯವಿಟ್ಟು ಸೇವಾಪುಸ್ತಕದಲ್ಲಿ ದಾಖಲಿಸಿಕೊಳ್ಳಬೇಕು.

ಬಸ್ಸಿನ ಕೀಲಿ ಅಜ್ಜಿಯ ಹತ್ತಿರವಿತ್ತಾದ್ದರಿಂದ ಸೈಕಲ್ ಹತ್ತಿದೆ. ನಾಲ್ಕು ಕಿಲೋಮೀಟರು, ಎರಡು ಸಲ ಚೈನು ಬಿತ್ತು, ಕಾಲಲ್ಲಿ ಒಂದು ನನ್ನ ಚಪ್ಪಲಿ, ಇನ್ನೊಂದು ನನ್ನ ಮನೆಯಾಕೆಯದು. ದಾರಿಯುದ್ದಕ್ಕೂ ತೋಳ ಬಂತು ತೋಳ ಎಂದು ಮೂವತ್ತೇಳು ಸಲ ಕೂಗಿದವನ ಮಾತನ್ನು ಮೂವತ್ತೆಂಟನೆಯ ಸಲ ಯಾರು ನಂಬುತ್ತಾರೆ ಎಂಬುದೊಂದೇ ಯೋಚನೆ.

ಗೇಟಿನಲ್ಲಿ ಕಾವಲಿದ್ದವರು ನಗರ ಗ್ರಂಥಾಲಯದ ಮೇಡಂ. ವಾರವಿಡೀ ಪುಟ ತಿರುವಿದ ಸದ್ದಿಗೂ ಕಣ್ಣು ಕೆಂಪಗೆ ಮಾಡುವ ಆ ಮಹಾತಾಯಿ, ಸೋದರಮಾವ ಹತ್ತು ಮಾರು ದೂರದಲ್ಲಿ ಗರ್ಜಿಸುತ್ತಿದ್ದರೂ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟು, "ಶ್! ಮೆಲ್ಲಗೆ" ಅಂದರು. ನಾನು ಇನ್ನೂ ಮೆಲ್ಲಗೆ "ಊಹನೇ ಎಂಹಿನ್ನು" ಅಂದೆ.

"ಸರ್, ಹಗಲಲ್ಲೇ ಕುಡಿದಿದೀರಾ?"

ಇಲ್ಲವೆಂದು ತಲೆಯಾಡಿಸಿ, ಅವರ ಮುಂದಿದ್ದ ದಪ್ಪ ಪುಸ್ತಕ ಎಳೆದುಕೊಂಡು, ಬಂದ ಕಾರಣ ಎಂಬ ಅಂಕಣದಲ್ಲಿ 'ಮೂರನೇ ಎಂಜಿನ್ನಿನ ಅಪಸ್ವರ' ಎಂದು ಬರೆದೆ. ಅವರು ಕನ್ನಡಕ ಏರಿಸಿ ಓದಿದರು. "ಅಪಸ್ವರ ಅಂತ ಒಳಗೆ ಬಿಡೋಕೆ ನಿಯಮ ಇಲ್ಲ ಸರ್. ಬೇಕಾದ್ರೆ ಮೂವತ್ತೆಂಟನೇ ದೂರು ಅಂತ ಬರ್ಕೋತೀನಿ." ಬರೆದುಕೊಂಡೂ ಬಿಟ್ಟರು. ಆದರೆ ನನ್ನ ಕಾಲಿನ ಎರಡು ಬಗೆಯ ಚಪ್ಪಲಿ ಕಣ್ಣಿಗೆ ಬಿದ್ದಿರಬೇಕು. ಪೆನ್ನು ಕೆಳಗಿಟ್ಟು, ಒಳಗೆ ಫೋನು ಮಾಡಿ, "ನಿಮ್ಮಪ್ಪ ಬಂದಿದಾರೆ, ಒಂಥರಾ ಇದಾರೆ, ಒಂದ್ನಿಮಿಷ ಬಾಮ್ಮ" ಅಂದರು.

ಮಗಳು ಓಡಿ ಬಂದಳು. ಮೈತುಂಬ ಎಣ್ಣೆಯ ಕಲೆ, ಕೆಂಡದಂಥ ಕೋಪ. "ಅಪ್ಪಾ, ಇವತ್ತೂನಾ? ಅಲ್ಲಿ ಜನ ಸೂರಿನ ಮೇಲೆ ಕೂತಿದಾರೆ! ಇವತ್ತೂ ನಿಂಗೆ ಶಬ್ದಾನೇ ಹೆಚ್ಚಾಯ್ತಾ?"

ಬಾಯಿಂದ ಮಾತು ಹೊರಡಿಸಲಾಗದ ನಾನು ಗೇಟಿನ ಕಂಬಿಯ ನಡುವೆ ಕೈ ತೂರಿಸಿ ಅವಳ ಮಣಿಕಟ್ಟು ಹಿಡಿದುಕೊಂಡೆ. ಗುನುಗಿದೆ. ಮೊದಲು ಮೂರನೆಯ ಎಂಜಿನ್ನಿನ ಎಂದಿನ ಸ್ವರ. ಆಮೇಲೆ ಅವತ್ತಿನ ಸ್ವರ, ಮೂಗಿನಿಂದ ಆ ಶಿಳ್ಳೆ, ಬೆರಳಿನಿಂದ ಅವಳ ಕೈಯ ಮೇಲೆ ಆ ಕುಂಟು ಹೆಜ್ಜೆ. ಅವಳು ಐದು ವರ್ಷದವಳಿದ್ದಾಗ ಹೀಗೇ ಕೈಮೇಲೆ ತಟ್ಟಿ ತಾಳ ಹೇಳಿಕೊಡುತ್ತಿದ್ದೆ. ಅವಳ ಮುಖದ ಕೋಪ ನಿಂತಲ್ಲೇ ಕರಗಿತು.

"ಇನ್ನೊಂದ್ಸಲ ಮಾಡು."

ಮಾಡಿದೆ.

"ಮೂರನೇದಾ?"

ಮೂರು ಬೆರಳೆತ್ತಿದೆ. ಅವಳು ಗ್ರಂಥಾಲಯದ ಮೇಡಂ ಕಡೆ ತಿರುಗಿ, "ಗೇಟ್ ತೆಗೀರಿ ಮೇಡಂ. ಅಪ್ಪ ಬೇರೆ ಎಲ್ಲದ್ರಲ್ಲೂ ತಪ್ಪು ಮಾಡ್ತಾರೆ, ಇದ್ರಲ್ಲಿ ಮಾಡಲ್ಲ" ಅಂದಳು. ಇಷ್ಟು ಹೊಗಳಿಕೆ ನನಗೆ ಆ ಬಾಯಿಂದ ಹಿಂದೆಂದೂ ಸಿಕ್ಕಿರಲಿಲ್ಲ.

ಮುಂದಿನದಕ್ಕೆ ತಾವೇ ಸಾಕ್ಷಿ. ಕಂಬಳಿ, ನೀರಿನ ಡಬ್ಬ, ಸ್ಟ್ರೆಚರು ತುಂಬಿಸಿಕೊಂಡು ದೊಡ್ಡತ್ತೆ ಇನ್ನು ಹತ್ತು ನಿಮಿಷದಲ್ಲಿ ಹೊರಡುವವಳಿದ್ದಳು. ತಾವು ನನ್ನನ್ನು ಕಂಡ ಕೂಡಲೇ ಅಭ್ಯಾಸಬಲದಿಂದ "ಬಾಯಿ ತೆಗೀರಿ" ಅಂದಿರಿ, ಇಣುಕಿ ನೋಡಿ "ಹತ್ತಿ ಇನ್ನೂ ತೆಗೆದಿಲ್ವಾ?" ಎಂದು ನನ್ನನ್ನೇ ಗದರಿದಿರಿ. ಮಗಳು ವಿಷಯ ಹೇಳಿದಳು. ಪೈಲಟ್ ಮೇಷ್ಟ್ರು ಗಡಿಯಾರ ನೋಡಿಕೊಂಡು, "ಉಪಕರಣದಲ್ಲೆಲ್ಲ ಸರಿ ತೋರಿಸ್ತಿದೆ ಸರ್. ಒಂದು ಗುನುಗು ಕೇಳಿ ವಿಮಾನ ನಿಲ್ಲಿಸಿದ್ರೆ ಅಲ್ಲಿ ಕಾಯ್ತಿರೋರಿಗೆ ಏನು ಹೇಳೋದು?" ಎಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ತಾವು ಎಂಜಿನ್ನಿನ ಕಡೆ ತಲೆಯೆತ್ತಿ ನೋಡಿದಿರಿ. ಆಮೇಲೆ ಅಂದಿರಿ: "ಬಿರುಕು ಬಿಟ್ಟ ಹಲ್ಲು ಎಕ್ಸ್‌ರೇಲಿ ಕಾಣಲ್ಲ ಮೇಷ್ಟ್ರೇ. ನಾನು ತಟ್ಟಿ ನೋಡ್ತೀನಿ. ಏಣಿ ತನ್ನಿ."

ಆ ಮಾತಿಗಾಗಿ ತಮ್ಮ ಹನ್ನೊಂದು ವರ್ಷದ ಎಲ್ಲ ಕೊರೆತಗಳನ್ನೂ ನಾನು ಮಾಫಿ ಮಾಡಿದ್ದೇನೆ.

ಮಗಳು ಏಣಿ ಹತ್ತಿ ಮರದ ಸುತ್ತಿಗೆಯಿಂದ ಮೂರನೇ ಎಂಜಿನ್ನಿನ ಪಂಖದ ನಾಲ್ಕು ಅಲಗುಗಳನ್ನು ಒಂದೊಂದಾಗಿ ತಟ್ಟಿದಳು. ನಾನು ಕೆಳಗೆ ಕಣ್ಣು ಮುಚ್ಚಿ ನಿಂತಿದ್ದೆ. ಟಿಣ್. ಟಿಣ್. ಟಿಣ್. ನಾಲ್ಕನೆಯದು ಒಡೆದ ಮಡಕೆಯ ಹಾಗೆ ಠಸ್ ಅಂದಿತು. ನಾನು ಕಣ್ಣು ಬಿಡುವಷ್ಟರಲ್ಲಿ ಅವಳೂ ನನ್ನ ಕಡೆಗೇ ನೋಡುತ್ತಿದ್ದಳು. ಅವಳಿಗೂ ಕೇಳಿಸಿತ್ತು. ಬಿರುಕಿನೊಳಗೆ ಇಳಿದು ಅದನ್ನು ತೋರಿಸಿಕೊಡುವ ಕೆಂಪು ಬಣ್ಣದ ದ್ರವ ಬಳಿದು ಒರೆಸಿದ ಮೇಲೆ ಅಲಗಿನ ಬುಡದಲ್ಲಿ ಒಂದು ಕೆಂಪು ಗೆರೆ ಉಳಿಯಿತು, ಕಿರುಬೆರಳಿನ ಉಗುರಿನಷ್ಟು ಉದ್ದ. ಮೇಷ್ಟ್ರು ಅದನ್ನು ನೋಡಿ ಟೋಪಿ ತೆಗೆದರು.

ದೊಡ್ಡತ್ತೆಯ ಹೊಟ್ಟೆಯಲ್ಲಿದ್ದುದನ್ನೆಲ್ಲ ಸೋದರಮಾವನ ಹೊಟ್ಟೆಗೆ ಮೂವತ್ತೈದು ನಿಮಿಷದಲ್ಲಿ ಸಾಗಿಸಿದೆವು. ನಾನೂ ಕಂಬಳಿ ಹೊತ್ತೆ. ತಾವೂ ಹೊತ್ತಿರಿ. ಗ್ರಂಥಾಲಯದ ಮೇಡಂ ಸ್ಟ್ರೆಚರು ಹೊತ್ತು, ಎಡವಿದವರನ್ನು "ಶ್" ಎಂದು ಗದರಿದರು. ಮಗಳು ಸೋದರಮಾವನೊಳಗೆ ಹತ್ತಿದಳು. ಬಾಗಿಲು ಮುಚ್ಚಿತು.

ಮಾನ್ಯರೇ, ಮುಂದಿನ ಮೂರು ಗಂಟೆ ಹತ್ತು ನಿಮಿಷ ನಾನು ಬೇಲಿಯ ಪಕ್ಕ ನಿಂತಿದ್ದೆ. ಬದುಕೆಲ್ಲ ನಿಶ್ಶಬ್ದಕ್ಕಾಗಿ ಹಂಬಲಿಸಿದವನಿಗೆ ಆ ಮೂರು ಗಂಟೆ ಬೇಕಾದಷ್ಟು ನಿಶ್ಶಬ್ದ ಸಿಕ್ಕಿತು, ಅದನ್ನು ಯಾರಿಗಾದರೂ ಕೊಟ್ಟುಬಿಡಬೇಕೆನಿಸಿತು. ಕೊನೆಗೆ ಬೆಟ್ಟದ ಕಡೆಯಿಂದ ಸಣ್ಣದಾಗಿ ಸದ್ದು ಬಂತು. ಎಂಜಿನ್ನು ಎಷ್ಟು ಎಂದು ಎಣಿಸಲು ಹೋದರೆ ನನ್ನದೇ ಹಲ್ಲುಗಳು ಕಟಕಟ ಹೊಡೆದುಕೊಳ್ಳುತ್ತಿದ್ದವು, ಕೈಯಿಂದ ದವಡೆ ಹಿಡಿದುಕೊಂಡು ಎಣಿಸಿದೆ. ನಾಲ್ಕು. ನಾಲ್ಕೂ ಸರಿಯಾಗಿ.

ದೋಣಿಗಳು ಸೂರುಗಳಿಂದ ಎತ್ತರದ ಬಯಲಿಗೆ ತಂದು ಬಿಟ್ಟಿದ್ದ ಐವತ್ತೆಂಟು ಜನ ಇಳಿದರು. ಒಬ್ಬ ಮುದುಕ ಗೋಡೆ ಗಡಿಯಾರವನ್ನು ಎದೆಗವಚಿಕೊಂಡಿದ್ದ, ಒಬ್ಬಾಕೆ ಒದ್ದೆಯಾದ ಎರಡು ಮಕ್ಕಳನ್ನು ಎರಡು ಕಂಕುಳಲ್ಲಿ ಇರುಕಿಕೊಂಡಿದ್ದಳು. ಕೊನೆಗೆ ಇಳಿದ ಮಗಳು ನೇರ ನನ್ನ ಹತ್ತಿರ ಬಂದು ಬೇಲಿಗೆ ಒರಗಿ, "ಅಪ್ಪಾ, ಸೋದರಮಾವನ ಎರಡನೇದು ಹೇಗಿತ್ತು? ನಂಗೆ ಸ್ವಲ್ಪ ಡೌಟು" ಎಂದು ಕೇಳಿದಳು. ಹದಿಮೂರು ವರ್ಷಗಳಲ್ಲಿ ಅವಳು ನನ್ನನ್ನು ಊಟ, ಹವೆ, ಮೊಣಕಾಲು ಬಿಟ್ಟು ಬೇರೇನಾದರೂ ಕೇಳಿದ್ದು ಅದೇ ಮೊದಲು. ಅಷ್ಟರಲ್ಲಿ ಮರಗಟ್ಟಿದ್ದು ಪೂರ್ತಿ ಇಳಿದುಹೋಗಿತ್ತು. "ಶ್ರುತಿ ಒಂಚೂರು ಏರು. ಕೆಟ್ಟಿಲ್ಲ" ಅಂದೆ. "ನಂಗೂ ಹಾಗೇ ಅನ್ನಿಸ್ತು" ಅಂದಳು.

ಇದರಲ್ಲಿ ದೂರು ಎಲ್ಲಿದೆ ಎಂದು ತಾವು ಕೇಳಬಹುದು. ಇಲ್ಲಿದೆ.

ಇಷ್ಟೆಲ್ಲ ಆದ ಮೇಲೆ ಒಬ್ಬ ಮರ್ಯಾದಸ್ಥ ನಾಗರಿಕನಿಗೆ ತಾವು ಮಾಡಬೇಕಾದ ಉಪಕಾರವೆಂದರೆ ಶನಿವಾರ ಒಂದಿಷ್ಟು ಸದ್ದು ಕಡಿಮೆ ಮಾಡುವುದು. ಅದು ಬಿಟ್ಟು, ಅರವತ್ತೊಂದನೆಯ ವಯಸ್ಸಿನಲ್ಲಿ ನನ್ನನ್ನು ನೆಲೆಯ ಶ್ರವಣ ಸಲಹೆಗಾರ ಎಂದು ನೇಮಿಸಿ ಆದೇಶ ಕಳಿಸಿದ್ದೀರಿ. ಈಗ ಪ್ರತಿ ಶನಿವಾರ ಬೆಳಗ್ಗೆ ಆರಕ್ಕೆ ಹದಿನಾರು ಎಂಜಿನ್ನುಗಳ ಪಕ್ಕದಲ್ಲಿ ನಿಂತು, ಯಾವ ಸದ್ದಿನಿಂದ ದೂರ ಓಡುತ್ತಿದ್ದೆನೋ ಅದನ್ನೇ ಕಿವಿಯಾರೆ ಕೇಳುವ ಭಾಗ್ಯ ನನ್ನದು. ತಾವು ಕೊಟ್ಟ ಪ್ಯಾಂಟು ಇಬ್ಬರಿಗೆ ಸಾಲುತ್ತದೆ. ಗ್ರಂಥಾಲಯದ ಮೇಡಂ ಹುದ್ದೆಯಲ್ಲಿ ನನಗಿಂತ ಮೇಲಾದ್ದರಿಂದ ಅವರಿಗೆ ಸಲ್ಯೂಟ್ ಹೊಡೆಯಬೇಕು, ಕಾಲು ಅಪ್ಪಳಿಸಿದರೆ ಸದ್ದಾಯಿತೆಂದು ಬೈಗುಳ ಬೇರೆ. ಇಷ್ಟೂ ಸಾಲದೆಂಬಂತೆ ಶಬ್ದದ ದೂರುಗಳನ್ನು ಸ್ವೀಕರಿಸಿ ಉತ್ತರಿಸುವ ಮೇಜನ್ನೂ, ಅನುಭವಸ್ಥನೆಂಬ ಕಾರಣ ಕೊಟ್ಟು, ನನಗೇ ವಹಿಸಿದ್ದೀರಿ. ಈ ಯೋಜನೆಯ ಹಿಂದೆ ನನ್ನ ಮಗಳ ಕೈವಾಡವಿದೆಯೆಂದು ನನಗೆ ಬಲವಾದ ಅನುಮಾನ. ಆದೇಶದಲ್ಲಿ 'ಬೇರೆ ಎಲ್ಲದರಲ್ಲಿ ಹೇಗೇ ಇರಲಿ' ಎಂಬ ಮಾತು ಎರಡು ಕಡೆ ಬಂದಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೆಲವು ಸಣ್ಣ ಕೋರಿಕೆಗಳು. ದೊಡ್ಡತ್ತೆಯ ಹೊಸ ಅಲಗು ಹಳೆಯದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಹಾಡುತ್ತಿದೆ, ಅವಳಿಗೆ ಸ್ವಲ್ಪ ತಗ್ಗಿ ಮಾತಾಡಲು ಹೇಳಬೇಕು. ನಾಲ್ಕೂ ವಿಮಾನ ಒಟ್ಟಿಗೆ ಹಾರುವಾಗ ಒಂದೇ ಶ್ರುತಿಗೆ ಬರಬೇಕು, ಷಡ್ಡಕ ಒಪ್ಪದಿದ್ದರೆ ಅವನನ್ನು ಹಿಂದಿನ ಸಾಲಿಗೆ ಹಾಕಬೇಕು. ಸಂಗೀತ ಪರೀಕ್ಷೆಯ ದಿನ ಮೋಡಗಳ ಮೇಲೆ ಕಂಬಳಿ ಹೊದಿಸಿ ಅದರ ಮೇಲೆ ಹಾರಬೇಕು. ನನ್ನ ದವಡೆಹಲ್ಲಿನಲ್ಲಿ ತಾವು ತೋಡಿಟ್ಟಿರುವ ಬಾವಿಗೆ ಇಂದಿಗೂ ತಾತ್ಕಾಲಿಕ ಮುಚ್ಚಳವಷ್ಟೇ ಇರುವುದರಿಂದ, ಮುಂದಿನ ಪ್ರವಾಹಕ್ಕೆ ಮೊದಲು ಅದನ್ನು ತುಂಬಬೇಕು. ಆಗದಿದ್ದರೆ ಪ್ರವಾಹಕ್ಕೇ ಬೇರೆ ದಿನ ಗೊತ್ತುಮಾಡಿಕೊಳ್ಳುವಂತೆ ತಮ್ಮ ಸಹಾಯಕಿಯಿಂದ ಫೋನು ಮಾಡಿಸಬೇಕು.

ತಮ್ಮ ಕುರ್ಚಿಗೂ ತಮ್ಮ ಶಿಸ್ತಿಗೂ ಏಕಕಾಲದಲ್ಲಿ ಸಿಕ್ಕಿಬಿದ್ದಿರುವ,
ತಮ್ಮ ವಿಶ್ವಾಸಿ,
ಪಿಯಾನೊ ಶ್ರುತಿಗಾರ (ಶನಿವಾರ, ಭಾನುವಾರ ಹೊರತು)

ಮರೆತ ಮಾತು: ನನ್ನ ಹೊಸ ಮೇಜಿಗೆ ಮೊದಲ ದೂರು ನಿನ್ನೆ ಬಂತು. ಬರೆದವರು ನನ್ನ ಮನೆಯಾಕೆ. ಅಪ್ಪ ಮಗಳು ಸೇರಿ ಊಟಕ್ಕೆ ಕೂತಾಗಲೆಲ್ಲ ಎಂಜಿನ್ನುಗಳನ್ನು ಗುನುಗುತ್ತ ತಟ್ಟೆ ಬಡಿಯುವುದರಿಂದ ಮನೆಯಲ್ಲಿ ಇರಲಾಗುತ್ತಿಲ್ಲವೆಂದೂ, ಆದ್ದರಿಂದ ನೆಲೆಯವರು ದಯಮಾಡಿ ವಾರದ ಏಳೂ ದಿನ ತಗ್ಗಿನಲ್ಲಿ ವಿಮಾನ ಹಾರಿಸಿ ಇವರಿಬ್ಬರ ಸದ್ದು ಕೇಳಿಸದಂತೆ ಮಾಡಬೇಕೆಂದೂ ಕೋರಿದ್ದಾಳೆ. ದೂರು ನ್ಯಾಯವಾಗಿದೆ. ಮಂಜೂರು ಮಾಡಿದ್ದೇನೆ. ಪೆಟ್ರೋಲಿನ ವ್ಯವಸ್ಥೆ ತಾವು ನೋಡಿಕೊಳ್ಳಿ.